ಹುದುಗು ನೊರೆ

ಸಿಹಿ ರಸ ಹುದುಗುವಾಗ ಅದರ ಮೇಲೆ ಕಟ್ಟುವ ಗುಳ್ಳೆಗಳ ದಪ್ಪ ಪದರವೇ ಹುದುಗು ನೊರೆ. ಮನೆಯಲ್ಲಿ ಬಿಯರ್ ಮಾಡುವವರ ಪಾತ್ರೆಯಲ್ಲಿ, ಬಗನಿ ಮರಕ್ಕೆ ಕಟ್ಟಿದ ಕಳ್ಳಿನ ಮಡಕೆಯಲ್ಲಿ, ಕ್ರಿಸ್ಮಸ್ಸಿಗೆಂದು ದ್ರಾಕ್ಷಿ ತುಂಬಿಟ್ಟ ಭರಣಿಯಲ್ಲಿ ಏಳುವುದು ಇದೇ. ಹುದುಗು ಜೀವಂತವಾಗಿದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಮೊದಲ ಗುರುತು ನೊರೆ. ಅದು ಮಿತಿಮೀರಿದರೆ ಪಾತ್ರೆಯಿಂದ ಉಕ್ಕಿ ರಸ ನಷ್ಟವಾಗುತ್ತದೆ, ಗಾಳಿ ಹೋಗುವ ದಾರಿ ಕಟ್ಟಿಕೊಳ್ಳುತ್ತದೆ, ಕೆಲವೊಮ್ಮೆ ಪಾತ್ರೆಯೇ ಒಡೆಯುತ್ತದೆ. ಆದ್ದರಿಂದ ನೊರೆಯನ್ನು ಅಂಕೆಯಲ್ಲಿಡುವ ಉಪಾಯಗಳು ಹುದುಗಿಸುವ ಕಸುಬಿನಷ್ಟೇ ಹಳೆಯವು. ಶರಾವತಿ ಕಣಿವೆಯ ಗೇರುಸೊಪ್ಪ ಮತ್ತು ಸುತ್ತಲಿನ ಹೊನ್ನಾವರ, ಭಟ್ಕಳ, ಕುಮಟಾ ಸೀಮೆಯಲ್ಲಿ ಬಿಯರ್ ಮಾಡುವ ಸಂಪ್ರದಾಯ ಇರಲಿಲ್ಲ. ಆದರೆ ಬಿಯರಿನ ನೊರೆಗೆ ಇಂದು ಹೇಳುವ ಮುಖ್ಯ ಉಪಾಯಗಳಾದ ಜಾಗ ಬಿಡುವುದು, ಬಿಸಿ ತಗ್ಗಿಸುವುದು, ಎಣ್ಣೆ ತಾಗಿಸುವುದು ಈ ಸೀಮೆಯ ಕಳ್ಳಿನ ಮಡಕೆ, ಆಲೆಮನೆಯ ಕೊಪ್ಪರಿಗೆ ಮತ್ತು ಅಡುಗೆಮನೆಗಳಲ್ಲಿ ಮೊದಲೇ ಬಳಕೆಯಲ್ಲಿದ್ದವು.

ನೊರೆ ಏಳುವ ಬಗೆ

ಯೀಸ್ಟ್ ಸಕ್ಕರೆಯನ್ನು ಒಡೆದಾಗ ಆಲ್ಕೋಹಾಲು ಮತ್ತು ಇಂಗಾಲದ ಡೈಆಕ್ಸೈಡು ಹೆಚ್ಚುಕಡಿಮೆ ಸಮತೂಕದಲ್ಲಿ ಹುಟ್ಟುತ್ತವೆ. 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಆಲ್ಕೋಹಾಲು, 88 ಗ್ರಾಂ ಅನಿಲ ಎಂಬುದು ಪುಸ್ತಕದ ಲೆಕ್ಕ. ಈ ಅನಿಲ ಎಷ್ಟು ಜಾಗ ಬೇಡುತ್ತದೆ ಎಂಬುದು ಮೊದಲ ಸಲ ಬಿಯರ್ ಮಾಡುವವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಸಾಧಾರಣ ಗಟ್ಟಿತನದ 20 ಲೀಟರ್ ಮಾಲ್ಟ್ ರಸದಲ್ಲಿ, ಅಂದರೆ ಬಿಯರಿಗೆಂದು ಮೊಳಕೆ ಬರಿಸಿದ ಬಾರ್ಲಿಯ ರಸದಲ್ಲಿ, ಸುಮಾರು ಎರಡೂವರೆ ಕಿಲೋ ಕರಗಿದ ಪದಾರ್ಥ ಇರುತ್ತದೆ. ಅದರಲ್ಲಿ ಯೀಸ್ಟಿಗೆ ದಕ್ಕುವುದು ಒಂದೂವರೆ ಕಿಲೋದ ಆಸುಪಾಸು. ಅಷ್ಟರಿಂದ ಹೊರಬರುವ ಅನಿಲ ಕೋಣೆಯ ಉಷ್ಣತೆಯಲ್ಲಿ 400 ಲೀಟರ್ ಜಾಗ ತುಂಬುತ್ತದೆ. ಅಂದರೆ ರಸದ ಇಪ್ಪತ್ತು ಪಟ್ಟು. ಇದರ ಬಹುಪಾಲು ಮೊದಲ ಮೂರು ದಿನಗಳಲ್ಲೇ ಹೊರಬೀಳುತ್ತದೆ.

ಅನಿಲ ಇದ್ದ ಮಾತ್ರಕ್ಕೆ ನೊರೆ ನಿಲ್ಲುವುದಿಲ್ಲ. ಸೋಡಾ ಬಾಟಲಿ ತೆರೆದಾಗ ಏಳುವ ಗುಳ್ಳೆಗಳು ಕ್ಷಣದಲ್ಲಿ ಒಡೆದುಹೋಗುತ್ತವೆ. ಅಲ್ಲಿ ಗುಳ್ಳೆಯ ಗೋಡೆಯನ್ನು ಹಿಡಿದಿಡುವ ವಸ್ತು ಇಲ್ಲ. ಬಾರ್ಲಿಯಲ್ಲಿ ಅದು ಧಾರಾಳವಾಗಿದೆ. ಪ್ರೋಟೀನ್ ಝಡ್ ಮತ್ತು ಕೊಬ್ಬು ಸಾಗಿಸುವ ಪ್ರೋಟೀನ್ ಎಂಬ ಎರಡು ಬಗೆಯ ಪ್ರೋಟೀನುಗಳು ರಸ ಕುದಿದಮೇಲೂ ಉಳಿದು, ನೀರನ್ನು ಒಲ್ಲದ ತಮ್ಮ ಭಾಗವನ್ನು ಗುಳ್ಳೆಯ ಕಡೆಗೆ ತಿರುಗಿಸಿ ಗೋಡೆಗೆ ಅಂಟಿಕೊಳ್ಳುತ್ತವೆ. ಹಾಪ್ಸ್ ಹೂವಿನ ಕಹಿ ಆಮ್ಲಗಳು ಆ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು ಗೋಡೆಯನ್ನು ಇನ್ನಷ್ಟು ಬಿಗಿಗೊಳಿಸುತ್ತವೆ. ಮೇಲಕ್ಕೇರುವ ಜಾತಿಯ ಯೀಸ್ಟ್ ಕಣಗಳೂ ಗುಳ್ಳೆಗೆ ಅಂಟಿ ಅದರ ಜೊತೆಗೇ ಮೇಲೆ ಬರುತ್ತವೆ. ಗೋಧಿ ಸೇರಿಸಿದ ಬಿಯರಿನಲ್ಲಿ ಪ್ರೋಟೀನು ಹೆಚ್ಚಾದ್ದರಿಂದ ನೊರೆಯೂ ಹೆಚ್ಚು. ಲೋಟದಲ್ಲಿ ಕುಡಿಯುವವರು ಮೆಚ್ಚುವ ನೊರೆ ಮತ್ತು ಪಾತ್ರೆಯಿಂದ ಉಕ್ಕಿ ನೆಲ ಕೊಳೆ ಮಾಡುವ ನೊರೆ ಎರಡಕ್ಕೂ ಬೇರು ಒಂದೇ. ಹೀಗಾಗಿಯೇ ಅದನ್ನು ಬೇರುಸಹಿತ ಕೀಳುವ ಉಪಾಯ ಒಳ್ಳೆಯದಲ್ಲ.

ಬಿಯರಿನ ನೊರೆಗೆ ಒಂದು ದಿನಚರಿ ಇದೆ. ಯೀಸ್ಟ್ ಹಾಕಿದ ಅರ್ಧ ದಿನಕ್ಕೋ ಒಂದು ದಿನಕ್ಕೋ ಅಂಚಿನಿಂದ ಬಿಳಿಯ ತೆಳು ಕೆನೆ ಕಟ್ಟುತ್ತದೆ. ಎರಡನೆಯ, ಮೂರನೆಯ ದಿನ ಅದು ಹೂಕೋಸಿನ ಗಡ್ಡೆಯ ಹಾಗೆ ಉಬ್ಬಿ, ಮೇಲೆ ಕಂದುಬಣ್ಣದ ಚುಕ್ಕೆಗಳು ಬೀಳುತ್ತವೆ. ಅವು ಹಾಪ್ಸಿನ ರಾಳ ಮತ್ತು ಹೆಪ್ಪುಗಟ್ಟಿದ ಪ್ರೋಟೀನು. ನಾಲಗೆಗೆ ಇಟ್ಟರೆ ಒರಟು ಕಹಿ. ಜರ್ಮನರು ಈ ನೊರೆಯನ್ನು ಕ್ರೊಯ್ಜೆನ್ ಎನ್ನುತ್ತಾರೆ. ಸಕ್ಕರೆ ತೀರುತ್ತ ಬಂದ ಹಾಗೆ ನೊರೆ ತಾನಾಗಿ ಕುಸಿದು, ಪಾತ್ರೆಯ ಗೋಡೆಯ ಮೇಲೆ ಕಂದು ಗೆರೆಯೊಂದನ್ನು ಉಳಿಸುತ್ತದೆ.

ಬಗನಿ ಕಳ್ಳು

16ನೆಯ ಶತಮಾನದಲ್ಲಿ ಚೆನ್ನಭೈರಾದೇವಿ ಆಳಿದ ಗೇರುಸೊಪ್ಪವನ್ನು ಹೊರಗಿನವರು ನೆನೆಯುವುದು ಕಾಳುಮೆಣಸಿನಿಂದ. ಮೆಣಸಿನ ಬಳ್ಳಿ ಹಬ್ಬಿದ ಅದೇ ಘಟ್ಟದ ಕಾಡಿನಲ್ಲಿ ಬಗನಿ ಮರವೂ ಬೆಳೆಯುತ್ತದೆ. ಬೈನೆ ಎಂದೂ ಇದಕ್ಕೆ ಹೆಸರು. ಮೀನಿನ ಬಾಲದ ಹಾಗೆ ಕತ್ತರಿಸಿದ ಎಲೆಯ, ಕುದುರೆಯ ಬಾಲದ ಹಾಗೆ ಇಳಿಬಿದ್ದ ಹೂಗೊನೆಯ ಈ ತಾಳೆಜಾತಿಯ ಮರ ಬದುಕಿನಲ್ಲಿ ಒಂದೇ ಸರದಿ ಹೂಬಿಡುತ್ತದೆ. ತುದಿಯ ಗೊನೆ ಮೊದಲು, ಆಮೇಲೆ ಅದರ ಕೆಳಗಿನದು, ಹೀಗೆ ವರ್ಷವರ್ಷ ಕೆಳಗಿಳಿಯುತ್ತ ಬಂದು, ಕಡೆಯ ಗೊನೆ ಮುಗಿದಮೇಲೆ ಮರವೇ ಒಣಗುತ್ತದೆ. ಗೊನೆಯ ತುದಿಯನ್ನು ದಿನಾ ತೆಳ್ಳಗೆ ಕೆತ್ತಿ, ಅದರಿಂದ ತೊಟ್ಟಿಕ್ಕುವ ಸಿಹಿ ರಸವನ್ನು ಮಡಕೆಯಲ್ಲಿ ಹಿಡಿಯುವುದೇ ಕಳ್ಳು ಇಳಿಸುವ ಕಸುಬು.

ಈ ಕಸುಬು ಇಲ್ಲಿ ಹಳೇಪೈಕರದಾಗಿತ್ತು. ಕರಾವಳಿಯಲ್ಲಿ ಇಂದು ನಾಮಧಾರಿಗಳೆಂದೂ ಘಟ್ಟದ ಮೇಲೆ ದೀವರೆಂದೂ ಕರೆಸಿಕೊಳ್ಳುವ ಸಮುದಾಯ ಇದು. 1883ರಲ್ಲಿ ಅಚ್ಚಾದ ಮುಂಬಯಿ ಪ್ರಾಂತದ ಕೆನರಾ ಗ್ಯಾಸೆಟಿಯರು ಅವರ ಪಾರಂಪರಿಕ ವೃತ್ತಿಯನ್ನು ಹೀಗೇ ದಾಖಲಿಸಿದೆ. ಗದ್ದೆ ಬೇಸಾಯ, ಕಾಡಿನ ತಿಳಿವಳಿಕೆ, ಹಿಂದಿನ ಕಾಲದ ಸೈನಿಕ ಸೇವೆ ಇವೂ ಅವರ ಚರಿತ್ರೆಯ ಭಾಗ. ಒಂದು ಸಮುದಾಯವನ್ನು ಕಳ್ಳಿನ ಮಡಕೆಯೊಂದಕ್ಕೇ ಕಟ್ಟಿಹಾಕಿ ನೋಡುವುದು ಅವರಿಗೆ ಮಾಡುವ ಅನ್ಯಾಯ. ಆದರೆ ಆ ಮಡಕೆಯಲ್ಲಿದ್ದ ಜಾಣತನವನ್ನು ಹೇಳದೆ ಬಿಡುವುದೂ ಅಷ್ಟೇ ಅನ್ಯಾಯ.

ಬಗನಿ ರಸದಲ್ಲಿ ಇರುವುದು ಮುಖ್ಯವಾಗಿ ಕಬ್ಬಿನಲ್ಲಿರುವ ಸಕ್ಕರೆಯೇ. ರಸ ಮಡಕೆಗೆ ಬಿದ್ದ ಗಳಿಗೆಯಿಂದಲೇ ಹುದುಗು ಶುರು. ಯಾರೂ ಯೀಸ್ಟ್ ಹಾಕುವುದಿಲ್ಲ. ಗಾಳಿ, ಕೀಟ, ಹೂಗೊನೆಯ ಸಿಪ್ಪೆ, ಎಲ್ಲಕ್ಕಿಂತ ಹೆಚ್ಚಾಗಿ ನಿನ್ನೆಯ ಕಳ್ಳು ಹೀರಿಕೊಂಡ ಮಡಕೆಯ ಒಡಲು ಇವೇ ಅದನ್ನು ಒದಗಿಸುತ್ತವೆ. ಯೀಸ್ಟಿನ ಜೊತೆಗೆ ಝೈಮೊಮೊನಾಸ್ ಎಂಬ ಬ್ಯಾಕ್ಟೀರಿಯವೂ, ಹುಳಿ ತರುವ ಲ್ಯಾಕ್ಟೊಬ್ಯಾಸಿಲಸ್, ಲ್ಯುಕೊನಾಸ್ಟಾಕ್ ಕುಲದವೂ ಸೇರಿಕೊಳ್ಳುತ್ತವೆ. ಒಂದು ದಿನಕ್ಕೆ ಐದು ಶೇಕಡದ ಆಸುಪಾಸಿನ ಆಲ್ಕೋಹಾಲು ಬರುತ್ತದೆ. ಅದಾದಮೇಲೆ ಹುಳಿಯೇರಿ ವಿನೆಗರಿನ ದಾರಿ ಹಿಡಿಯುತ್ತದೆ. ಬಿಯರ್ ವಾರಗಟ್ಟಲೆ ತೆಗೆದುಕೊಳ್ಳುವ ಕೆಲಸವನ್ನು ಕಳ್ಳು ಒಂದು ಹಗಲು, ಒಂದು ರಾತ್ರಿಯಲ್ಲಿ ಮುಗಿಸುವುದರಿಂದ ಅನಿಲವೂ ಅಷ್ಟೇ ಅವಸರದಲ್ಲಿ ಬರುತ್ತದೆ. ಆದರೆ ಬಾರ್ಲಿಯ ಪ್ರೋಟೀನೂ ಹಾಪ್ಸಿನ ಕಹಿಯೂ ಇಲ್ಲದ ಕಾರಣ ಕಳ್ಳಿನ ನೊರೆ ದೊಡ್ಡ ಗುಳ್ಳೆಯದು, ಬೇಗ ಒಡೆಯುವಂಥದು.

ಹಾಗಾದರೂ ಮರದ ಮೇಲೆ ಕಟ್ಟಿದ ಮಡಕೆ ಉಕ್ಕಿದರೆ ಹಿಡಿಯುವವರು ಯಾರೂ ಇರುವುದಿಲ್ಲ. ಅದಕ್ಕೇ ಮೊದಲ ಉಪಾಯ ಸರಳ: ಒಂದು ಸರದಿಗೆ ಇಳಿಯುವ ರಸಕ್ಕಿಂತ ಮಡಕೆ ಎಷ್ಟೋ ದೊಡ್ಡದಿರಬೇಕು, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಇಳಿಸಬೇಕು. ಎರಡನೆಯದು ಸುಣ್ಣ. ಮಡಕೆಯ ಒಳಗೆ ಸುಣ್ಣ ಬಳಿದರೆ ರಸ ಕ್ಷಾರದ ಕಡೆಗೆ ವಾಲಿ, ಯೀಸ್ಟೂ ಬ್ಯಾಕ್ಟೀರಿಯವೂ ಮಂಕಾಗುತ್ತವೆ. ಆಗ ಸಿಗುವುದು ನೊರೆ ಇಲ್ಲದ, ಅಮಲು ಇಲ್ಲದ ನೀರಾ. ಅದನ್ನು ಕಾಯಿಸಿದರೆ ಬೆಲ್ಲ. ಕಳ್ಳು ಬೇಕೋ ಬೆಲ್ಲ ಬೇಕೋ ಎಂಬುದನ್ನು ಮರ ಹತ್ತುವ ಮೊದಲೇ ಸುಣ್ಣದ ಕೈಯಲ್ಲಿ ತೀರ್ಮಾನಿಸುವ ವಿದ್ಯೆ ಇದು. ಸೂಕ್ಷ್ಮಜೀವಿಗಳ ಹೆಸರು ಗೊತ್ತಿಲ್ಲದೆಯೇ ಅವುಗಳ ಬಾಯಿ ಕಟ್ಟುವುದು ಹೇಗೆಂದು ಈ ಜನ ಅರಿತಿದ್ದರು. ಬಿಯರಿಗೆ ಮಾತ್ರ ಸುಣ್ಣ ಸಲ್ಲದು. ಅಲ್ಲಿ ನೊರೆ ತಗ್ಗಬೇಕು, ಹುದುಗು ನಿಲ್ಲಬಾರದು.

ಮರದ ಮೇಲಿನ ಈ ಕೆಲಸ ಸರಕಾರದ ಕಣ್ಣಿಗೆ ಬಿದ್ದದ್ದು ಕಂದಾಯವಾಗಿ. 1862ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1878ರ ಮುಂಬಯಿ ಅಬಕಾರಿ ಕಾಯ್ದೆ ಕಳ್ಳಿನ ಮರಗಳನ್ನೂ ತೆರಿಗೆ ಮತ್ತು ಪರವಾನಗಿಯ ಹಿಡಿತಕ್ಕೆ ತಂದಿತು. ಸ್ವಾತಂತ್ರ್ಯದ ನಂತರ 1949ರ ಮುಂಬಯಿ ಪಾನನಿರೋಧ ಕಾಯ್ದೆ ಬಂತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಮರ ಕಟ್ಟುವ ಕೈಗಳು ಬೇರೆ ಕೆಲಸಗಳಿಗೆ ತಿರುಗುತ್ತಿದ್ದವು.

ಆಲೆಮನೆಯ ನೊರೆ

ಕುದಿಯುವ ಕಬ್ಬಿನ ಹಾಲಿನ ನೊರೆ ಹುದುಗಿನದಲ್ಲ, ಬೆಂಕಿಯದು. ಅದನ್ನು ಇಲ್ಲಿ ಹೇಳಬೇಕಾದ ಕಾರಣ ಎರಡು. ಬಿಯರ್ ಮಾಡುವವರು ಹುದುಗಿಸುವ ಮುನ್ನ ಮಾಲ್ಟ್ ರಸವನ್ನು ಸುಮಾರು ಒಂದು ಗಂಟೆ ಕುದಿಸಬೇಕು. ಅವರ ಮೊದಲ ಉಕ್ಕು ಆಗುವುದು ಆಗಲೇ. ಎರಡನೆಯದಾಗಿ, ನೊರೆಯ ಜೊತೆ ಮನುಷ್ಯ ನಡೆಸುವ ಸಂಧಾನವನ್ನು ಇಷ್ಟು ಸ್ಪಷ್ಟವಾಗಿ ಕಾಣಬಹುದಾದ ಜಾಗ ಈ ಸೀಮೆಯಲ್ಲಿ ಇನ್ನೊಂದಿಲ್ಲ.

ಮಾಗಿಯ ಚಳಿ ಇಳಿಯುವ ಹೊತ್ತಿಗೆ ಹೊನ್ನಾವರ, ಕುಮಟಾದ ಒಳನಾಡು ಮತ್ತು ಘಟ್ಟದ ಮೇಲಿನ ಸಿದ್ದಾಪುರ, ಶಿರಸಿಗಳಲ್ಲಿ ಆಲೆಮನೆ ಹೂಡುತ್ತಾರೆ. ಗಾಣದಿಂದ ಇಳಿದ ಹಾಲನ್ನು ಕೊಪ್ಪರಿಗೆಗೆ ತುಂಬಿ ಒಲೆ ಉರಿಸಿದರೆ, ಕುದಿ ಬರುವ ಮುನ್ನವೇ ಹಸಿರುಗಪ್ಪು ಕಸದ ನೊರೆ ಮೇಲೆ ಬರುತ್ತದೆ. ತುಸು ಸುಣ್ಣ, ಬೆಂಡೆಗಿಡದ ಲೋಳೆ ಹಾಕಿದರೆ ಪ್ರೋಟೀನು, ಮೇಣ, ಮಣ್ಣು ಗಂಟುಗಟ್ಟಿ ಆ ನೊರೆಗೆ ಸೇರಿಕೊಳ್ಳುತ್ತವೆ. ಉದ್ದ ಹಿಡಿಯ ಜಾಲರಿಯಿಂದ ಅದನ್ನು ಎತ್ತಿ ಚೆಲ್ಲುತ್ತಾರೆ. ಇಲ್ಲಿ ನೊರೆ ಶತ್ರುವಲ್ಲ, ಕಸಬರಿಗೆ. ಬೇಡದ್ದನ್ನೆಲ್ಲ ಅದೇ ಹೊತ್ತು ತರುತ್ತದೆ. ಮಾಲ್ಟ್ ರಸ ಕುದಿಯುವಾಗಲೂ ಮೊದಲ ಕಾಲು ಗಂಟೆಯಲ್ಲಿ ಪ್ರೋಟೀನು ಹೆಪ್ಪುಗಟ್ಟಿ ಹೀಗೇ ಏಳುತ್ತದೆ. ಅದನ್ನೂ ಎತ್ತಿ ತೆಗೆಯಬಹುದು.

ಕಸ ಹೋದಮೇಲೆ ಬರುವುದು ಬಿಳಿನೊರೆಯ ಅಬ್ಬರ. ಕೊಪ್ಪರಿಗೆ ಉಕ್ಕುವ ಲಕ್ಷಣ ಕಂಡರೆ ಬೆಂಕಿ ಹಿಂದಕ್ಕೆಳೆಯುತ್ತಾರೆ, ಹಾಲನ್ನು ಮೇಲೆತ್ತಿ ಸುರಿದು ಗಾಳಿಯಾಡಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ನಾಲ್ಕು ಹನಿ ಎಣ್ಣೆ. ಎದೆಮಟ್ಟ ಎದ್ದ ನೊರೆ ಎಣ್ಣೆ ತಾಗಿದ ಕೂಡಲೆ ಉಸಿರು ಬಿಟ್ಟ ಹಾಗೆ ಕುಸಿಯುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಎಣ್ಣೆಯ ಹನಿ ಗುಳ್ಳೆಯ ತೆಳು ಗೋಡೆಯೊಳಗೆ ಹೊಕ್ಕು, ಒಂದು ಬದಿಯಿಂದ ಇನ್ನೊಂದು ಬದಿಗೆ ಸೇತುವೆಯಾಗಿ ನಿಂತು, ನೀರನ್ನು ತನ್ನಿಂದ ದೂರ ಸರಿಸುತ್ತದೆ. ಆ ಜಾಗದಲ್ಲಿ ಗೋಡೆ ಹರಿಯುತ್ತದೆ. ಇಂದಿನ ಕಾರ್ಖಾನೆಗಳ ನೊರೆನಾಶಕಗಳು ಕೆಲಸ ಮಾಡುವುದೂ ಈ ಬಗೆಯಲ್ಲೇ.

ಪಾಕ ಗಟ್ಟಿಯಾಗುತ್ತ ಬಂದಾಗ ನೊರೆಯ ಬಣ್ಣ ಬದಲಾಗಿ ಹೊನ್ನಿನಂತಾಗುತ್ತದೆ. ಆಗ ಅದನ್ನು ಎಲೆಗೆ ತೆಗೆದುಕೊಂಡು ಬಿಸಿಬಿಸಿ ತಿನ್ನುವುದೇ ನೊರೆಬೆಲ್ಲ. ಆಲೆಮನೆಗೆ ಬಂದ ನೆಂಟರಿಗೆ ಕಬ್ಬಿನ ಹಾಲಿನಷ್ಟೇ ಇದೂ ಸಲ್ಲಬೇಕಾದ ಮರ್ಯಾದೆ. 105 ಡಿಗ್ರಿಯ ಆಸುಪಾಸಿನಲ್ಲಿ ಒಲೆಯಿಂದ ಇಳಿಸಿದರೆ ಜೋನಿಬೆಲ್ಲ, ಇನ್ನೂ ಹತ್ತು ಡಿಗ್ರಿ ಮೇಲಕ್ಕೆ ಹೋದರೆ ಅಚ್ಚಿನ ಬೆಲ್ಲ. ಉಷ್ಣಮಾಪಕ ಇಲ್ಲದ ಆಲೆಮನೆಯಲ್ಲಿ ಪಾಕ ಹಿಡಿಯುವವರು ನೋಡುವುದು ನೊರೆಯ ಬಣ್ಣ, ಗುಳ್ಳೆಯ ಗಾತ್ರ, ಅದು ಒಡೆಯುವ ಸದ್ದು.

ಭರಣಿಯ ಬಾಯಿ

ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಕೆಲವು ವಾರ ಮೊದಲು ದ್ರಾಕ್ಷಿ ವೈನ್ ಹಾಕುವ ರೂಢಿ ಇದೆ. ಕೊಡಗಿನ ಮನೆಗಳಲ್ಲೂ ಹಣ್ಣಿನ ವೈನ್ ಹೆಸರಾದದ್ದು. ಕಪ್ಪು ದ್ರಾಕ್ಷಿ, ಸಕ್ಕರೆ, ಕುದಿಸಿ ಆರಿಸಿದ ನೀರು, ಹಿಡಿ ಗೋಧಿ, ಚಿಟಿಕೆ ಯೀಸ್ಟ್, ಲವಂಗ, ದಾಲ್ಚಿನ್ನಿ ಇವು ಭರಣಿಗೆ ಬೀಳುತ್ತವೆ. ಇಲ್ಲಿ ಮೇಲೇಳುವುದು ಬರಿಯ ನೊರೆಯಲ್ಲ. ದ್ರಾಕ್ಷಿಯ ಸಿಪ್ಪೆ, ತಿರುಳುಗಳನ್ನು ಅನಿಲ ಎತ್ತಿ ಗಟ್ಟಿ ಮುಚ್ಚಳದ ಹಾಗೆ ಕೂರಿಸುತ್ತದೆ. ಅದರಡಿ ಸಿಕ್ಕಿಬಿದ್ದ ಅನಿಲ ಒಮ್ಮೆಲೆ ದಾರಿ ಮಾಡಿಕೊಂಡರೆ ಅರ್ಧ ಭರಣಿ ನೆಲದ ಮೇಲಿರುತ್ತದೆ. ಮನೆಯ ಹಿರಿಯ ಹೆಂಗಸರು ಇದಕ್ಕೆ ಪಾಲಿಸುವ ಕಟ್ಟಳೆಗಳು ಯಾವ ಕೈಪಿಡಿಗೂ ಕಡಿಮೆಯಲ್ಲ: ಭರಣಿಯ ಮೂರರಲ್ಲೊಂದು ಪಾಲು ಖಾಲಿ ಬಿಡಬೇಕು, ಬಾಯಿಗೆ ಬಟ್ಟೆ ಕಟ್ಟಬೇಕೇ ಹೊರತು ಬಿರಡೆ ಬಿಗಿಯಬಾರದು, ದಿನಕ್ಕೊಮ್ಮೆ ಒಣಗಿದ ಮರದ ಸಟ್ಟುಗದಿಂದ ಮೆಲ್ಲಗೆ ತಿರುವಬೇಕು. ಮೆಲ್ಲಗೆ ಎಂಬ ಮಾತಿಗೆ ಅರ್ಥ ಇದೆ. ರಸದಲ್ಲಿ ಕರಗಿ ಕೂತ ಅನಿಲ ಬಿರುಸಾಗಿ ಕಲಕಿದರೆ ಒಟ್ಟಿಗೇ ಹೊರಬರುತ್ತದೆ. ಹುದುಗುತ್ತಿರುವ ಬಿಯರಿಗೆ ಸಕ್ಕರೆಯ ಪುಡಿಯನ್ನೋ ಒಣ ಹಾಪ್ಸನ್ನೋ ಒಮ್ಮೆಲೆ ಸುರಿದವರು ಇದನ್ನು ಕಷ್ಟಪಟ್ಟು ಕಲಿಯುತ್ತಾರೆ. ಒಣ ಕಣಗಳ ಒರಟು ಮೈ ಗುಳ್ಳೆ ಹುಟ್ಟಲು ಸಾವಿರ ಜಾಗ ಒದಗಿಸುತ್ತದೆ. ಸಕ್ಕರೆಯನ್ನು ಪಾಕ ಮಾಡಿ ಆರಿಸಿ, ಸ್ವಲ್ಪ ಸ್ವಲ್ಪವಾಗಿ ಸೇರಿಸಿದರೆ ಈ ತೊಂದರೆ ಇಲ್ಲ.

ಮನೆ ಬಿಯರಿನಲ್ಲಿ ನೊರೆಯ ಹತೋಟಿ

ಎಲ್ಲಕ್ಕಿಂತ ಮುಖ್ಯವಾದದ್ದು ಜಾಗ. ಪಾತ್ರೆಯ ಕಾಲುಭಾಗವಾದರೂ ಖಾಲಿ ಇರಬೇಕು. ಗೋಧಿ ಬಿಯರಿಗೂ ಗಟ್ಟಿ ರಸಕ್ಕೂ ಮೂರರಲ್ಲೊಂದು. ಅಂದರೆ 20 ಲೀಟರ್ ರಸಕ್ಕೆ 27 ರಿಂದ 30 ಲೀಟರಿನ ಪಾತ್ರೆ. ದೊಡ್ಡ ಪಾತ್ರೆ ಇಲ್ಲದಿದ್ದರೆ ರಸವನ್ನು ಎರಡು ಪಾತ್ರೆಗೆ ಹಂಚುವುದು ಎಲ್ಲ ಔಷಧಿಗಳಿಗಿಂತ ಮೇಲು. ದೋಸೆಹಿಟ್ಟಿನ ಪಾತ್ರೆಯನ್ನು ಬೇಸಿಗೆಯಲ್ಲಿ ಅರ್ಧಕ್ಕೇ ನಿಲ್ಲಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ನೊರೆಗೆ ದಾರಿ. ಮಾಮೂಲಿ ಗಾಳಿಬೀಗ ಎಂದರೆ ನೀರು ತುಂಬಿದ ಸಣ್ಣ ಪ್ಲಾಸ್ಟಿಕ್ ನಳಿಗೆ. ಅನಿಲ ಹೊರಹೋಗುತ್ತದೆ, ಗಾಳಿ ಒಳಬಾರದು. ಆದರೆ ಅದರ ಕಿಂಡಿ ಕಿರಿದು, ಹಾಪ್ಸಿನ ರಾಳ ಅಂಟಿದರೆ ಮುಚ್ಚಿಹೋಗುತ್ತದೆ. ಅದಕ್ಕಾಗಿ ಮೊದಲ ಮೂರು ನಾಲ್ಕು ದಿನ ಗಾಳಿಬೀಗದ ಬದಲು ಹೆಬ್ಬೆರಳು ಗಾತ್ರದ ಕೊಳವೆಯೊಂದನ್ನು ಪಾತ್ರೆಯ ಬಾಯಿಂದ ಪಕ್ಕದ ನೀರಿನ ಬಕೆಟ್ಟಿಗೆ ಇಳಿಬಿಡುವುದು ರೂಢಿ. ನೊರೆ ಉಕ್ಕಿದರೆ ಬಕೆಟ್ಟಿಗೆ ಹೋಗುತ್ತದೆ, ಅನಿಲ ಗುಳುಗುಳು ಎಂದು ಹೊರಬೀಳುತ್ತದೆ. ಕೊಳವೆ ಎಲ್ಲೂ ಮಡಿಚಿರಬಾರದು, ಬಕೆಟ್ಟಿನ ನೀರು ದಿನಾ ಬದಲಾಗಬೇಕು.

ಈ ಕೊಳವೆಯ ಹಿರಿಯಜ್ಜ ಇಂಗ್ಲೆಂಡಿನ ಬರ್ಟನ್ ಊರಿನಲ್ಲಿತ್ತು. ಭಾರತಕ್ಕೆ ಹಡಗಿನಲ್ಲಿ ಬರುತ್ತಿದ್ದ ತಿಳಿಬಣ್ಣದ ಕಹಿ ಬಿಯರಿಗೆ ಹೆಸರಾದ ಊರು ಅದು. 1838ರಲ್ಲಿ ಪೀಟರ್ ವಾಕರ್ ಎಂಬವರು ಪೇಟೆಂಟ್ ಪಡೆದ ಯೂನಿಯನ್ ಪದ್ಧತಿಯಲ್ಲಿ, ಸಾಲಾಗಿ ಮಲಗಿಸಿದ ಮರದ ಪೀಪಾಯಿಗಳಿಂದ ಹಂಸದ ಕೊರಳಿನಂಥ ಕೊಳವೆಗಳು ಮೇಲಿನ ತೊಟ್ಟಿಯೊಂದಕ್ಕೆ ಬಾಗಿರುತ್ತಿದ್ದವು. ನೊರೆ ಕೊಳವೆಯ ಮೂಲಕ ತೊಟ್ಟಿಗೆ ಏರಿ, ಅಲ್ಲಿ ಯೀಸ್ಟ್ ಉಳಿದು, ತಿಳಿಯಾದ ಬಿಯರು ಮರಳಿ ಪೀಪಾಯಿಗೆ ಇಳಿಯುತ್ತಿತ್ತು. ಉಕ್ಕುವುದನ್ನು ತಡೆಯಲಿಲ್ಲ, ಉಕ್ಕಿದ್ದನ್ನು ವ್ಯರ್ಥವಾಗಲು ಬಿಡಲೂ ಇಲ್ಲ. ನೊರೆಯ ಹತೋಟಿಯ ಇತಿಹಾಸದಲ್ಲಿ ಇಷ್ಟು ಸುಂದರವಾದ ಯಂತ್ರ ಇನ್ನೊಂದಿಲ್ಲ.

ಮೂರನೆಯದು ಉಷ್ಣತೆ. ಕರಾವಳಿಯಲ್ಲಿ ನಿಜವಾದ ತೊಡಕು ಇರುವುದು ಇಲ್ಲೇ. ಮೇಲೇರುವ ಜಾತಿಯ ಬಿಯರ್ ಯೀಸ್ಟಿಗೆ 18 ರಿಂದ 22 ಡಿಗ್ರಿ ಹಿತ. ತಳಕ್ಕಿಳಿಯುವ ಜಾತಿಯ ಲಾಗರ್ ಯೀಸ್ಟಿಗೆ 8 ರಿಂದ 13. ಹೊನ್ನಾವರದ ಹಗಲು ವರ್ಷದ ಬಹುಭಾಗ 30 ಡಿಗ್ರಿಯ ಅಕ್ಕಪಕ್ಕ. ಸಾಲದೆಂಬಂತೆ ಹುದುಗು ತನ್ನದೇ ಶಾಖ ಹುಟ್ಟಿಸಿ ರಸವನ್ನು ಕೋಣೆಗಿಂತ ಮೂರರಿಂದ ಐದು ಡಿಗ್ರಿ ಮೇಲೇರಿಸುತ್ತದೆ. ಬಿಸಿ ಹೆಚ್ಚಿದಷ್ಟೂ ಯೀಸ್ಟಿನ ಅವಸರ ಹೆಚ್ಚು, ನೊರೆ ಹೆಚ್ಚು, ಭಾರದ ಆಲ್ಕೋಹಾಲುಗಳೂ ಹೆಚ್ಚು. ಒಣನಾಡಿನಲ್ಲಿ ಪಾತ್ರೆಗೆ ಒದ್ದೆ ಬಟ್ಟೆ ಸುತ್ತಿ ಫ್ಯಾನ್ ಹಾಕಿದರೆ ನಾಲ್ಕೈದು ಡಿಗ್ರಿ ಇಳಿಯುತ್ತದೆ. ಹೊರದೇಶದ ಕೈಪಿಡಿಗಳೆಲ್ಲ ಹೇಳುವುದು ಇದನ್ನೇ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುವ, ಗಾಳಿಯಲ್ಲೇ ನೀರು ತುಂಬಿರುವ ಶರಾವತಿಯ ಕಣಿವೆಯಲ್ಲಿ ಒದ್ದೆ ಬಟ್ಟೆ ಆರುವುದೇ ಇಲ್ಲ, ಹಾಗಾಗಿ ತಂಪೂ ಆಗುವುದಿಲ್ಲ. ಇಂಥ ಹವೆಗೆ ಪಾತ್ರೆಯನ್ನು ಅಗಲವಾದ ತೊಟ್ಟಿಯ ನೀರಿನಲ್ಲಿ ಮುಳುಗಿಸಿಟ್ಟು, ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗಳನ್ನು ಸರದಿಯಂತೆ ಅದರಲ್ಲಿ ತೇಲಿಬಿಡುವುದೇ ನೆಚ್ಚಬಹುದಾದ ಮನೆಮದ್ದು. ತಂಪು ಮಾಡುವುದು ಮೊದಲ ಎರಡು ಮೂರು ದಿನ ಮುಖ್ಯ. ನೊರೆ ಎದ್ದಮೇಲೆ ಓಡಾಡಿ ಫಲವಿಲ್ಲ, ಯೀಸ್ಟ್ ಹಾಕುವ ಮೊದಲೇ ರಸ ತಣಿದಿರಬೇಕು.

ಇನ್ನೊಂದು ದಾರಿ ಹವೆಗೆ ಹೊಂದುವ ಯೀಸ್ಟ್ ಆರಿಸುವುದು. ನಾರ್ವೆಯ ಪಶ್ಚಿಮದ ಹೊಲಮನೆಗಳಲ್ಲಿ ತಲೆಮಾರುಗಳಿಂದ ಒಣಗಿಸಿ ಕಾಪಾಡಿಕೊಂಡು ಬಂದ ಕ್ವೈಕ್ ಎಂಬ ಯೀಸ್ಟುಗಳು 30 ರಿಂದ 40 ಡಿಗ್ರಿಯಲ್ಲೂ ಕೆಟ್ಟ ವಾಸನೆ ತರದೆ ಹುದುಗಿಸುತ್ತವೆ. ಚಳಿನಾಡಿನ ಯೀಸ್ಟೊಂದು ಸೆಕೆನಾಡಿಗೆ ಒಗ್ಗುವುದು ಅಚ್ಚರಿ. ಆದರೆ ಅದರ ವೇಗ ಜಾಸ್ತಿ, ನೊರೆಗೆ ಬಿಡಬೇಕಾದ ಜಾಗದಲ್ಲಿ ರಿಯಾಯಿತಿ ಇಲ್ಲ.

ಯೀಸ್ಟಿನ ಗುಣವನ್ನೇ ಬದಲಿಸಿದವರು ಜಪಾನಿನವರು. ಅಕ್ಕಿಯಿಂದ ಮಾಡುವ ಸಾಕೆ ಎಂಬ ಮದ್ಯ ಹುದುಗುವಾಗ ನೊರೆ ಎಷ್ಟು ಏಳುತ್ತಿತ್ತೆಂದರೆ ತೊಟ್ಟಿಯ ದೊಡ್ಡ ಪಾಲು ನೊರೆಗೇ ಮೀಸಲು, ರಾತ್ರಿಯೂ ಎದ್ದು ಅದನ್ನು ಒಡೆಯಲು ಆಳು ಬೇಕು. ಗುಳ್ಳೆಗೆ ಅಂಟದ ಯೀಸ್ಟ್ ಕಣಗಳನ್ನು ಹುಡುಕುವ ಉಪಾಯವನ್ನು ಓಉಚಿ ಮತ್ತು ಅಕಿಯಾಮಾ ಎಂಬ ಸಂಶೋಧಕರು 1971ರಲ್ಲಿ ಪ್ರಕಟಿಸಿದರು. ನೊರೆಯ ಜೊತೆ ಮೇಲೆ ಬಂದವನ್ನು ಮತ್ತೆ ಮತ್ತೆ ತೆಗೆದುಹಾಕಿ, ಕೆಳಗೇ ಉಳಿದವನ್ನು ಬೆಳೆಸುವುದು. ಹೀಗೆ ದೊರೆತ ನೊರೆಯಿಲ್ಲದ ತಳಿಗಳೇ ಇಂದು ಅಲ್ಲಿ ಹೆಚ್ಚಾಗಿ ಬಳಕೆಯಲ್ಲಿವೆ. ಕಣದ ಗೋಡೆಯ ಮೇಲೆ ಕೂತು ನೊರೆಗೆ ಕಾರಣವಾಗುವ ಪ್ರೋಟೀನಿನ ಜೀನನ್ನು ಆಮೇಲೆ ಗುರುತಿಸಿ, ಜಪಾನಿ ಭಾಷೆಯಲ್ಲಿ ನೊರೆ ಎಂಬರ್ಥದ ಅವಾ ಎಂಬ ಮಾತಿನಿಂದಲೇ ಅದಕ್ಕೆ ಹೆಸರಿಟ್ಟರು.

ಕಡೆಯ ಉಪಾಯ ನೊರೆನಾಶಕ. ಆಲೆಮನೆಯ ನಾಲ್ಕು ಹನಿ ಎಣ್ಣೆಯನ್ನು ಬಿಯರಿಗೆ ಹಾಕಬಾರದು. ಬೆಲ್ಲಕ್ಕೆ ನೊರೆ ಬೇಡ, ಬಿಯರಿಗೆ ಲೋಟದಲ್ಲಿ ನೊರೆ ಬೇಕು. ಅಡುಗೆ ಎಣ್ಣೆಯ ಕೊಬ್ಬು ರಸದಲ್ಲಿ ಉಳಿದು ಅದನ್ನೂ ಕೊಲ್ಲುತ್ತದೆ, ದಿನ ಕಳೆದಂತೆ ಕಮಟು ವಾಸನೆಯನ್ನೂ ತರುತ್ತದೆ. ಬ್ರೂವರಿಗಳು ಬಳಸುವುದು ಡೈಮಿಥೈಲ್‌ಪಾಲಿಸಿಲಾಕ್ಸೇನ್ ಎಂಬ ಸಿಲಿಕೋನ್. ಆಹಾರ ಸೇರ್ಪಡೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದರ ಸಂಖ್ಯೆ 900ಎ. ಹೊಟ್ಟೆಯುಬ್ಬರಕ್ಕೆ ಕೊಡುವ ಸಿಮೆಥಿಕೋನ್ ಇದರದೇ ಒಂದು ರೂಪ. ಕೆಲವೇ ಹನಿ ಸಾಕು. ಅದು ಯೀಸ್ಟಿಗೂ ಪಾತ್ರೆಯ ಗೋಡೆಗೂ ಅಂಟಿ ಗಸಿಯ ಜೊತೆ ತಳ ಸೇರುವುದರಿಂದ ತಿಳಿ ಬಿಯರಿನ ನೊರೆಗೆ ಧಕ್ಕೆ ಕಡಿಮೆ. ಅಮೆರಿಕದ ಆಹಾರ ನಿಯಮದಲ್ಲಿ ಇದಕ್ಕೆ ಕಿಲೋಗೆ 10 ಮಿಲಿಗ್ರಾಂ ಮಿತಿ ಇದೆ. ಔಷಧದಂಗಡಿಯ ಮಾತ್ರೆಯನ್ನು ಪುಡಿಮಾಡಿ ಹಾಕುವುದು ಸರಿಯಲ್ಲ. ಅದರಲ್ಲಿ ಆಮ್ಲ ತಗ್ಗಿಸುವ ಲವಣ, ಬಣ್ಣ, ಪುದೀನ ಎಲ್ಲ ಸೇರಿರುತ್ತವೆ. ದೊಡ್ಡ ಪಾತ್ರೆ, ಅಗಲ ಕೊಳವೆ, ತಣ್ಣನೆಯ ತೊಟ್ಟಿ ಇದ್ದವರಿಗೆ ನೊರೆನಾಶಕದ ಅಗತ್ಯ ಅಪರೂಪ.

ಒತ್ತಡ ಮತ್ತು ಗಾಜು

ಉಕ್ಕಿದ ನೊರೆಯಿಂದ ನಷ್ಟವಾಗುವುದು ಲೀಟರೋ ಎರಡೋ ರಸ. ಕಟ್ಟಿಕೊಂಡ ಕಿಂಡಿಯಿಂದ ಆಗುವುದು ಬೇರೆ. 400 ಲೀಟರ್ ಅನಿಲಕ್ಕೆ ದಾರಿ ಇಲ್ಲವಾದರೆ ಮುಚ್ಚಳ ಸೂರಿಗೆ ಹಾರುತ್ತದೆ. ಕಿರಿಬಾಯಿಯ ಗಾಜಿನ ಜಾಡಿಯಾದರೆ ಸಿಡಿಯುತ್ತದೆ, ಚೂರು ಮೈಗೆ ಹೊಗುತ್ತದೆ. ಗಾಳಿಬೀಗ ಮಾತಾಡುವುದನ್ನು ನಿಲ್ಲಿಸಿ ಮುಚ್ಚಳ ಉಬ್ಬಿದ್ದು ಕಂಡರೆ ಮುಖ ಹತ್ತಿರ ಒಯ್ಯಬಾರದು. ದಪ್ಪ ಬಟ್ಟೆ ಮುಚ್ಚಿ, ಕೈಯಷ್ಟೇ ಚಾಚಿ, ಬಿರಡೆಯನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಹುದುಗು ಮುಗಿಯುವ ಮೊದಲೇ ಬಾಟಲಿಗೆ ತುಂಬುವುದು ಇನ್ನೂ ಅಪಾಯದ್ದು. ಅನಿಲ ಗಾಳಿಗಿಂತ ಭಾರ ಎಂಬುದನ್ನೂ ನೆನಪಿಡಬೇಕು. ಗಾಳಿಯಾಡದ ಇಕ್ಕಟ್ಟಿನ ಕೋಣೆಯಲ್ಲಿ, ನೆಲಮಟ್ಟದಲ್ಲಿ, ಮಕ್ಕಳು ಮಲಗುವ ಕಡೆ ಇಂಥ ಪಾತ್ರೆ ಇಡಬಾರದು.

ನೊರೆಯ ಉಪಯೋಗ

ಬಿಯರಿನ ನೊರೆಯ ಮೇಲಿನ ಕಂದು ಪದರವನ್ನು ತೆಗೆದು, ನಡುವಿನ ಬಿಳಿ ಕೆನೆಯನ್ನು ಮುಂದಿನ ಸಲದ ಯೀಸ್ಟಾಗಿ ಇಟ್ಟುಕೊಳ್ಳುವ ಪದ್ಧತಿ ಹಳೆಯದು. 19ನೆಯ ಶತಮಾನದಲ್ಲಿ ಒತ್ತಿದ ಯೀಸ್ಟ್ ಮಾರುಕಟ್ಟೆಗೆ ಬರುವ ತನಕ ಯುರೋಪಿನ ಹಲವೆಡೆ ಬ್ರೆಡ್ಡು ಈ ನೊರೆಯಿಂದಲೇ ಉಬ್ಬುತ್ತಿತ್ತು. ನಮ್ಮ ಕರಾವಳಿಯಲ್ಲಿ ಅದೇ ಕೆಲಸವನ್ನು ಕಳ್ಳು ಮಾಡಿತು. ಕೊಂಕಣಿಯಲ್ಲಿ ಸುರ್ ಎನ್ನುವ ತಾಜಾ ಕಳ್ಳನ್ನು ಅಕ್ಕಿಹಿಟ್ಟಿಗೆ ಬೆರೆಸಿ ಉಬ್ಬಿಸಿ, ಬಟ್ಟಲಲ್ಲಿ ಬೇಯಿಸಿದ ಸಾನ್ನಾಂ ಕ್ರೈಸ್ತ ಮನೆಗಳ ಹಬ್ಬದ ತಿಂಡಿ. ಕಾಸರಗೋಡಿನ ಕಡೆ ಕಳ್ಳು ಹಾಕಿದ ಅಪ್ಪ. ಕಳ್ಳು ಸಿಗದ ಊರುಗಳಲ್ಲಿ ಈಗ ಒಣ ಯೀಸ್ಟು, ಎಳನೀರು ಅದರ ಜಾಗಕ್ಕೆ ಬಂದಿವೆ. ಮೃದುತ್ವ ಬರುತ್ತದೆ. ಕಳ್ಳಿನ ಬ್ಯಾಕ್ಟೀರಿಯಗಳು ಕೊಡುತ್ತಿದ್ದ ಸಣ್ಣ ಹುಳಿಯ ರುಚಿ ಬರುವುದಿಲ್ಲ.

ಕಾನೂನಿನ ಸ್ಥಿತಿ

1965ರ ಕರ್ನಾಟಕ ಅಬಕಾರಿ ಕಾಯ್ದೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದನ್ನು ನಿಷೇಧಿಸಿದೆ. ಮನೆಯಲ್ಲಿ ಬಿಯರ್ ಮಾಡುವುದೂ ಅದರೊಳಗೇ ಬರುತ್ತದೆ. ಪರವಾನಗಿ ಇರುವ ಕಂಪನಿಗಳಿಗೆ ಅಡ್ಡಿಯಿಲ್ಲ: 1915ರಲ್ಲಿ ಥಾಮಸ್ ಲೀಶ್ಮನ್ ಕಟ್ಟಿದ ಯುನೈಟೆಡ್ ಬ್ರೂವರೀಸ್ ಇಂದು ಬೆಂಗಳೂರನ್ನು ನೆಲೆಯಾಗಿಸಿಕೊಂಡಿದೆ. 2010ರ ದಶಕದಿಂದ ಆ ನಗರದಲ್ಲಿ ಪರವಾನಗಿ ಪಡೆದ ಕಿರು ಬ್ರೂವರಿಗಳೂ ಹುಟ್ಟಿಕೊಂಡಿವೆ. ಮನೆಯ ಹವ್ಯಾಸವಾಗಿ ಬಿಯರ್ ಮಾಡಲು ಬ್ರಿಟನ್ನಿನಲ್ಲಿ 1963ರಲ್ಲಿ ಪರವಾನಗಿಯ ಕಟ್ಟು ತೆಗೆದುಹಾಕಿದರು. ಅಮೆರಿಕದ ಕೇಂದ್ರ ಕಾನೂನು 1978ರಲ್ಲಿ ಅವಕಾಶ ಕೊಟ್ಟಿತು. ಹಾಗಾಗಿ ಕನ್ನಡಿಗರು ಈ ಹವ್ಯಾಸವನ್ನು ನೆಮ್ಮದಿಯಿಂದ ನಡೆಸಬಹುದಾದದ್ದು ಅಂಥ ದೇಶಗಳಲ್ಲಿ. ಕಳ್ಳಿನ ವಿಷಯದಲ್ಲಿ, ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಮೂರ್ತೆದಾರರೆಂಬ ಕಸುಬುದಾರರು ಪರವಾನಗಿಯ ಮೇಲೆ ಇಳಿಸುತ್ತಾರೆ, ಕೇರಳದ ಕಾಸರಗೋಡಿನಲ್ಲಿ ಕಳ್ಳಿನ ಅಂಗಡಿಗಳಿವೆ. ಕರ್ನಾಟಕದ ಉಳಿದ ಬಹುಭಾಗದಲ್ಲಿ ಅನುಮತಿ ಇಲ್ಲ. ಗೇರುಸೊಪ್ಪದ ಕಾಡಿನಲ್ಲಿ ಬಗನಿ ಮರಗಳು ಈಗಲೂ ತುದಿಯಿಂದ ಕೆಳಕ್ಕೆ ಗೊನೆ ಬಿಡುತ್ತ ಬರುತ್ತವೆ.